ಜೊಲ್ಲಿನ ಸಾಕ್ಷಿ

ಹಟ್ಟಿಯಲ್ಲಿ ದನ ಜೊಲ್ಲು ಸುರಿಸುತ್ತ ನಿಂತರೆ ಮನೆಯವರು ಮೊದಲು ನೋಡುವುದು ಅದರ ಗೊರಸನ್ನು. ಕಾಲುಬಾಯಿ ಜ್ವರವಲ್ಲ ಎಂದಾದರೆ ಸಂಶಯ ವಿಷದ ಕಡೆ ತಿರುಗುತ್ತದೆ. ಅಲ್ಲೂ ಜೊಲ್ಲು ಪೂರ್ತಿ ಬಾಯಿಬಿಡುವುದಿಲ್ಲ. ಮೆಲಾಥಿಯಾನ್‌ನಂಥ ಆರ್ಗನೋಫಾಸ್ಫೇಟ್ ಹೊಟ್ಟೆಗೆ ಹೋಗಿದ್ದರೆ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಒಡೆಯದೆ ರಾಶಿಬೀಳುತ್ತದೆ, ಬಾಯಿ ತುಂಬಿ ಹರಿಯುತ್ತದೆ. ಅಟ್ರೋಪಿನ್ ಚುಚ್ಚಿದರೆ ಒಣಗುತ್ತದೆ. ಕೊಚ್ಚಿಯ ಪಕ್ಕದ ಏಲೂರಿನಲ್ಲಿ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ತಯಾರಿಸುತ್ತಿದ್ದ ಎಂಡೋಸಲ್ಫಾನ್‌ನ ದಾರಿ ಬೇರೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದೂ ಅದೇ ಕೀಟನಾಶಕ. ಅದು ಮಿದುಳಿನಲ್ಲಿ ನರಗಳಿಗೆ ಕಡಿವಾಣ ಹಾಕುವ ಗಾಬಾ ಗ್ರಾಹಕಗಳನ್ನು ಕಟ್ಟಿಹಾಕಿ ಸೆಳೆತ ತರುತ್ತದೆ. ವಿಷವೇರಿದ ಪ್ರಾಣಿ ಆಗಲೂ ಜೊಲ್ಲು ಸುರಿಸುತ್ತದೆ, ಆದರೆ ಅಟ್ರೋಪಿನ್ ಅದಕ್ಕೆ ಪ್ರತಿವಿಷವಲ್ಲ.

ಇಂಥ ನಂಬಲಾಗದ ಸಾಕ್ಷಿಯನ್ನೇ ಅಳತೆಗೋಲು ಮಾಡಿಕೊಂಡು ಗೆದ್ದ ಸಂಶೋಧನೆಯೊಂದಿದೆ. ಕನ್ನಡದಲ್ಲಿ ಜೊಲ್ಲಿನ ವಿಜ್ಞಾನ ಎಂದರೆ ಪಾವ್ಲೋವನ ನಾಯಿ, ಗಂಟೆ, ಅಲ್ಲಿಗೆ ಮುಗಿಯಿತು. ಆ ಸಂಶೋಧನೆ ಮಾಡಿದ ಸೂಸನ್ ಲೀಮನ್ ಹೆಸರು ನಮ್ಮಲ್ಲಿ ಕೇಳಿಬರುವುದೇ ಅಪರೂಪ.

ಲೀಮನ್ ಹುಡುಕುತ್ತಿದ್ದದ್ದು ಜೊಲ್ಲಿನ ವಸ್ತುವನ್ನಲ್ಲ. ಪಿಟ್ಯುಟರಿ ಗ್ರಂಥಿಗೆ ಒತ್ತಡದ ಸುದ್ದಿ ಮುಟ್ಟಿಸುವ ಹಾರ್ಮೋನನ್ನು ದನದ ಹೈಪೊಥಲಮಸ್‌ನಿಂದ ಬೇರ್ಪಡಿಸಲು ಹೊರಟಿದ್ದರು. ಪ್ರಜ್ಞೆ ತಪ್ಪಿಸಿದ ಇಲಿಗೆ ಸಾರ ಚುಚ್ಚಿ ಪರೀಕ್ಷಿಸುವಾಗ ಆ ಸಾರದ ಒಂದು ಭಾಗಕ್ಕೆ ಇಲಿಯ ಬಾಯಿಂದ ಜೊಲ್ಲು ಧಾರೆಯಾಗಿ ಇಳಿಯಿತು. ಬೇರೆಯವರಾಗಿದ್ದರೆ ಹತ್ತಿಯಿಂದ ಒರೆಸಿ ಮುಂದೆ ಹೋಗುತ್ತಿದ್ದರೇನೋ. ಲೀಮನ್ ಒಂದೊಂದೇ ಬಾಗಿಲು ಮುಚ್ಚಿ ನೋಡಿದರು. ಅಸಿಟೈಲ್‌ಕೋಲಿನ್‌ನ ದಾರಿ ಕಟ್ಟುವ ಅಟ್ರೋಪಿನ್ ಕೊಟ್ಟರೂ ಜೊಲ್ಲು ನಿಲ್ಲಲಿಲ್ಲ. ಅಡ್ರಿನಲಿನ್‌ನ ದಾರಿ ಕಟ್ಟುವ ಮದ್ದು ಕೊಟ್ಟರೂ ನಿಲ್ಲಲಿಲ್ಲ. ಎಂದಮೇಲೆ ಗ್ರಂಥಿಗೆ ಮೂರನೆಯ ಬಾಗಿಲೊಂದು ಇರಲೇಬೇಕು. 1967ರಲ್ಲಿ ಹ್ಯಾಮರ್‌ಶ್ಲಾಗ್ ಜೊತೆ ಬರೆದ ಪ್ರಬಂಧದ ತಿರುಳು ಇಷ್ಟೇ. ತಡೆಮದ್ದನ್ನು ಚಿಕಿತ್ಸೆಗಲ್ಲದೆ ಪ್ರಶ್ನೆ ಕೇಳಲು ಬಳಸುವುದು ಹೇಗೆಂದು ತೋರಿಸಲು ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

1970ರಲ್ಲಿ ಮೈಕೆಲ್ ಚಾಂಗ್ ಜೊತೆಗೂಡಿ ಆ ವಸ್ತುವನ್ನು ಶುದ್ಧವಾಗಿ ತೆಗೆದಾಗ ಅದು ಹಳೆಯ ಪರಿಚಯಸ್ಥನೇ ಆಗಿತ್ತು: 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಕುದುರೆಯ ಕರುಳು, ಮಿದುಳುಗಳಲ್ಲಿ ಕಂಡಿದ್ದ ಸಬ್‌ಸ್ಟನ್ಸ್ ಪಿ. 1971ರಲ್ಲಿ ಈ ಪೆಪ್ಟೈಡಿನ 11 ಅಮೈನೋ ಆಮ್ಲಗಳ ಸಾಲು ಗೊತ್ತಾಯಿತು. ಅಲ್ಲಿಯವರೆಗೆ ಅದನ್ನು ಅಳೆಯುತ್ತಿದ್ದದ್ದು ಕರುಳಿನ ತುಂಡು ಕುಗ್ಗುವುದನ್ನು ನೋಡಿ. ಆದರೆ ಕರುಳು ಕಂಡಕಂಡದ್ದಕ್ಕೆಲ್ಲ ಕುಗ್ಗುತ್ತದೆ, ಬ್ರಾಡಿಕೈನಿನ್ ಎಂಬ ಬೇರೆ ಪೆಪ್ಟೈಡಿಗೂ ಕುಗ್ಗುತ್ತದೆ. ಇಲಿಯ ಜೊಲ್ಲುಗ್ರಂಥಿ ಬ್ರಾಡಿಕೈನಿನ್‌ಗೆ ಜಗ್ಗುವುದಿಲ್ಲ. ಸುಮಾರು ನಲವತ್ತು ವರ್ಷ ಬಿಡಿಸಲಾಗದ ಗಂಟು ಸಡಿಲಾದದ್ದು ಈ ಆಯ್ಕೆಯಿಂದ. ಮೊದಲು ಹುಡುಕಿದ್ದ ಹಾರ್ಮೋನು ಮಾತ್ರ ಅವರ ಕೈಗೆ ಸಿಗಲಿಲ್ಲ. 1981ರಲ್ಲಿ ವೈಲಿ ವೇಲ್ ಅದನ್ನು ಕುರಿಯ ಮಿದುಳಿನಲ್ಲಿ ಕಂಡುಹಿಡಿದರು.

ನನ್ನ ತಕರಾರು ಇರುವುದು ಮುಂದಿನ ಅಧ್ಯಾಯದ ಬಗ್ಗೆ. ಇಲಿಯಲ್ಲಿ ಕಂಡದ್ದನ್ನು ಎಲ್ಲ ಪ್ರಾಣಿಗಳಿಗೂ ಹಚ್ಚುವ ಆತುರ ಈ ಕ್ಷೇತ್ರವನ್ನು ಬಹುಕಾಲ ಕಾಡಿತು. ಬೆಕ್ಕನ್ನೇ ನೋಡಿ. ಅದರ ದವಡೆಯಡಿಯ ಗ್ರಂಥಿಯ ನರವನ್ನು ಕೆರಳಿಸುವಾಗ ಅಟ್ರೋಪಿನ್ ಕೊಟ್ಟರೆ ಜೊಲ್ಲು ನಿಲ್ಲುತ್ತದೆ, ಗ್ರಂಥಿಗೆ ನುಗ್ಗುವ ರಕ್ತ ನಿಲ್ಲುವುದಿಲ್ಲ. ಶರೀರಶಾಸ್ತ್ರಜ್ಞ ಹೈಡೆನ್‌ಹೈನ್ 1872ರಲ್ಲೇ ಕಂಡಿದ್ದ ಒಗಟು ಇದು. ಉತ್ತರ ಬರಲು ನೂರು ವರ್ಷ ಕಳೆಯಿತು, ಬಂದ ಉತ್ತರವೂ ಸಬ್‌ಸ್ಟನ್ಸ್ ಪಿ ಆಗಿರಲಿಲ್ಲ. ಅಲ್ಲಿ ರಕ್ತನಾಳ ಹಿಗ್ಗಿಸುವುದು ವಿಐಪಿ ಎಂಬ ಇನ್ನೊಂದು ಪೆಪ್ಟೈಡ್. ಅಸಿಟೈಲ್‌ಕೋಲಿನ್ ಇರುವ ನರತುದಿಯಲ್ಲೇ ಅದೂ ಇರುತ್ತದೆ, ಜೊತೆಗೂಡಿದಾಗ ಜೊಲ್ಲನ್ನೂ ಹೆಚ್ಚಿಸುತ್ತದೆ.

ತಡೆಮದ್ದಿನ ಕಥೆ ಇನ್ನೂ ಕಟು. 1991ರಲ್ಲಿ ಫೈಜರ್‌ನವರು ಸಬ್‌ಸ್ಟನ್ಸ್ ಪಿಯ ಎನ್‌ಕೆ1 ಗ್ರಾಹಕವನ್ನು ಕಟ್ಟುವ, ಪೆಪ್ಟೈಡ್ ಅಲ್ಲದ ಮೊದಲ ಅಣುವನ್ನು ಪ್ರಕಟಿಸಿದರು. ಅದು ಮನುಷ್ಯನ, ಗಿನಿಯಿಲಿಯ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿತು. ಇಲಿಯ ಗ್ರಾಹಕಕ್ಕೆ ಸರಿಯಾಗಿ ಅಂಟಲಿಲ್ಲ. ದಶಕಗಳ ಕಾಲ ಜೊಲ್ಲು ಸುರಿಸಿ ಈ ವಿಜ್ಞಾನವನ್ನು ಸಾಕಿದ ಪ್ರಾಣಿಯೇ ತಡೆಮದ್ದಿನ ಪರೀಕ್ಷೆಗೆ ಒದಗದೆ ಹೋಯಿತು. ಮುಂದೆ ಇದೇ ಗುಂಪಿನ ಮದ್ದುಗಳು ಪ್ರಾಣಿಗಳಲ್ಲಿ ನೋವು ತಗ್ಗಿಸಿದವು, ಮನುಷ್ಯರಲ್ಲಿ ನಿರಾಶೆ ತಂದವು. ಕೊನೆಗೆ ನೆಲೆ ಸಿಕ್ಕಿದ್ದು ವಾಂತಿ ತಡೆಯುವ ಕೆಲಸದಲ್ಲಿ. 2003ರಲ್ಲಿ ಅಮೆರಿಕದಲ್ಲಿ ಮಂಜೂರಾದ ಎಪ್ರೆಪಿಟೆಂಟ್ ಇಂದು ತಿರುವನಂತಪುರದಲ್ಲಾಗಲಿ ಬೆಂಗಳೂರಿನಲ್ಲಾಗಲಿ ವಾಂತಿ ತರುವ ಸಿಸ್‌ಪ್ಲಾಟಿನ್ ಕೊಡುವ ಕ್ಯಾನ್ಸರ್ ವೈದ್ಯರಿಗೆ ಪರಿಚಿತ ಮದ್ದು. ಇದನ್ನು ಯಶಸ್ಸು ಎನ್ನಲು ಅಡ್ಡಿಯಿಲ್ಲ. ಆದರೆ ಲೀಮನ್‌ರ ಇಲಿಯಿಂದ ನೇರವಾಗಿ ಇಲ್ಲಿಗೆ ದಾರಿ ಬಂತು ಎಂದು ಬರೆಯುವವರು ನಡುವಿನ ಸೋಲುಗಳನ್ನು ಅಳಿಸಿಹಾಕುತ್ತಾರೆ.

ಇದೇ ಗುಂಪಿನ ಮರೋಪಿಟೆಂಟ್ ನಾಯಿಗಳಿಗೆಂದೇ ಬಂದಿದೆ. ಚುಚ್ಚಿದ ಮೇಲೆ ವಾಂತಿ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಆದರೂ ಕೆಲವು ನಾಯಿಗಳು ತುಟಿ ನೆಕ್ಕುತ್ತ, ಜೊಲ್ಲು ಸುರಿಸುತ್ತ, ಊಟದ ತಟ್ಟೆಯಿಂದ ಮುಖ ತಿರುಗಿಸುತ್ತವೆ. ಓಕರಿಕೆ ಉಳಿದಿದೆ ಎಂದರ್ಥ. ವಾಂತಿ ಎಷ್ಟು ಸಲ ಆಯಿತೆಂದು ಮಾತ್ರ ಬರೆದುಕೊಳ್ಳುವ ಪಶುವೈದ್ಯರ ಚೀಟಿಯಲ್ಲಿ ಅಂಥ ನಾಯಿ ಗುಣವಾದ ನಾಯಿ.