ಸಸಿ ನೆಟ್ಟರೆ ಗೂಬೆ ಬರುವುದಿಲ್ಲ

ಜಮೀನಿನಲ್ಲಿ ಕಾಡುಜೀವಿಗಳಿಗೂ ಒಂದಿಷ್ಟು ಜಾಗ ಮಾಡಿಕೊಡಬೇಕು ಎಂದ ಕೂಡಲೇ ನಮ್ಮವರ ಕೈ ಗುದ್ದಲಿಯ ಕಡೆಗೇ ಹೋಗುತ್ತದೆ. ಗುಂಡಿ ತೋಡು, ಸಸಿ ನೆಡು, ಸುತ್ತ ತಂತಿ ಬೇಲಿ ಹಾಕು. ಪರಿಸರ ದಿನದ ಭಾಷಣಕಾರರಿಂದ ಹಿಡಿದು ನಗರದ ನೌಕರಿ ಬಿಟ್ಟು ಎರಡೆಕರೆ ಕೊಂಡವರ ತನಕ ಎಲ್ಲರದೂ ಇದೇ ಪಾಠ. ಮರ ಹೆಚ್ಚಿದಷ್ಟೂ ಜೀವಸಂಕುಲ ಹೆಚ್ಚುತ್ತದೆ ಎಂಬ ಮಾತು ಮಲೆನಾಡಿನ ಮಟ್ಟಿಗೆ ಅಷ್ಟಿಷ್ಟು ನಿಜವಿರಬಹುದು. ತುಮಕೂರು, ಚಿತ್ರದುರ್ಗ, ಬಳ್ಳಾರಿಯ ಒಣ ಹೊಲಗಳಿಗೂ ಅದನ್ನೇ ಒಪ್ಪಿಸಿದರೆ ಇರುವ ಜೀವಿಗಳೂ ಜಾಗ ಖಾಲಿ ಮಾಡುತ್ತವೆ.

ಗೂಬೆಯನ್ನೇ ತೆಗೆದುಕೊಳ್ಳಿ. ಕಣಜ ಗೂಬೆ ಬೇಟೆಯಾಡುವುದು ಬಯಲಿನಲ್ಲಿ. ನೆಲಕ್ಕೆ ಹತ್ತಿರವಾಗಿ, ರೆಕ್ಕೆಯ ಸದ್ದೇ ಇಲ್ಲದೆ ಹಾರುತ್ತ, ಹುಲ್ಲಿನ ಬುಡದಲ್ಲಿ ಇಲಿ ಸರಿದಾಡುವ ಸದ್ದನ್ನು ಹಿಡಿದು ಎರಗುತ್ತದೆ. ಶಕುನದ ಹಕ್ಕಿ ಎಂದು ಹೆಸರಾದ ಪುಟ್ಟ ಗೂಬೆ ಹಾಲಕ್ಕಿ ಗೂಟದ ಮೇಲೋ ತಂತಿಯ ಮೇಲೋ ಕಾದು ಕೂತು ಮಿಡತೆ, ದುಂಬಿ, ಇಲಿಮರಿಗಳ ಮೇಲೆ ಬೀಳುತ್ತದೆ. ಒತ್ತೊತ್ತಾಗಿ ನೆಟ್ಟ ನೀಲಗಿರಿ, ಸಿಲ್ವರ್ ಓಕ್ ಸಾಲುಗಳಲ್ಲಿ ಇವೆರಡಕ್ಕೂ ಹಾರಲು ಜಾಗವಿಲ್ಲ, ತಿನ್ನಲು ಗತಿಯಿಲ್ಲ.

ಹಾಗಾದರೆ ಗೂಬೆಗೆ ಮರವೇ ಬೇಡವೇ? ಬೇಕು, ಹಳೆಯ ಮರ ಬೇಕು. ಇವೆರಡೂ ಗೂಡು ಕಟ್ಟುವ ಹಕ್ಕಿಗಳಲ್ಲ. ಕೊಂಬೆ ಮುರಿದು, ಮಳೆನೀರು ಇಳಿದು, ಒಳಗಿನ ತಿರುಳು ಕೊಳೆತು ಆದ ಪೊಟರೆಯಲ್ಲಿ, ಪಾಳು ಗೋಡೆಯ ಸಂದಿಯಲ್ಲಿ, ಹಾಳುಬಾವಿಯ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಇಂದು ನೆಟ್ಟ ಹುಣಸೆ ಸಸಿಯಲ್ಲಿ ಅಂಥ ಪೊಟರೆ ಆಗಬೇಕಾದರೆ ನೆಟ್ಟವನ ಮೊಮ್ಮಗನ ಕಾಲ ಬರಬೇಕು. ಹೊಲದ ಅಂಚಿನ ಮುದಿ ಹುಣಸೆಯ ಬುಡದಲ್ಲಿ ಒಮ್ಮೆ ಬಗ್ಗಿ ನೋಡಿ. ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಬಿದ್ದಿರಬಹುದು. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಹೀಗೆ ಕಕ್ಕುತ್ತದೆ. ಬಿಡಿಸಿದರೆ ಕೂದಲ ನಡುವೆ ಇಲಿಯ ತಲೆಬುರುಡೆ, ಹಳದಿ ಬಾಚಿಹಲ್ಲಿನ ದವಡೆ, ಸೂಜಿಯಂಥ ಪಕ್ಕೆಲುಬು. ಆ ಮರ ಏನು ಕೆಲಸ ಮಾಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಸರ್ಕಾರಿ ಲೆಕ್ಕದಲ್ಲಿ ಈ ಮರಕ್ಕೆ ಬೆಲೆಯಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತ ನೆಟ್ಟ ಸಸಿ ಬದುಕುಳಿದರೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ರೈತನಿಗೆ ಆದಾಯ ತರುವ ಯೋಜನೆಯಾಗಿ ಇದನ್ನು ಆಕ್ಷೇಪಿಸಬೇಕಿಲ್ಲ. ಆದರೆ ಅಜ್ಜ ಉಳಿಸಿದ ಪೊಟರೆಯ ಹುಣಸೆಯನ್ನು ಮಾರದೆ ಕಾದುಕೊಂಡವನಿಗೆ ಅದರಲ್ಲಿ ಚಿಕ್ಕಾಸೂ ಇಲ್ಲ. ಮರದ ವ್ಯಾಪಾರಿ ಮಾತ್ರ ನಗದು ಹಿಡಿದು ಬರುತ್ತಾನೆ. ಗೂಬೆ ಕಡಿಮೆಯಾಗುವುದಕ್ಕೆ ಹಳ್ಳಿಯವರ ಮೂಢನಂಬಿಕೆಯೇ ಕಾರಣ ಎಂದು ರೈತನ ಮೇಲೆ ಗೂಬೆ ಕೂರಿಸುವವರು ಈ ಲೆಕ್ಕವನ್ನೂ ನೋಡಬೇಕು.

ಬಯಲನ್ನು ಮರಗಳಿಂದ ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಇದೆ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿತವಾದ 119 ಚದರ ಕಿಲೋಮೀಟರಿನ ಆ ನೆಲದ ಬಹುಭಾಗ ನೀಲಗಿರಿ ನೆಡುತೋಪಾಯಿತು. ಹುಲ್ಲುಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಕಾಯ್ದೆಯ ರಕ್ಷಣೆ ಇದ್ದ ಜಾಗದಲ್ಲೇ ಹೀಗಾದರೆ, ಅದೇ ತಪ್ಪನ್ನು ಖಾಸಗಿ ಜಮೀನಿನಲ್ಲಿ ಸಹಾಯಧನ ಕೊಟ್ಟು ಮಾಡಿಸುವುದೇಕೆ?

ಗೂಬೆಗೆ ಬೇಕಾದ ಹೊಲ ಹೊಲವಾಗಿಯೇ ಇರಬೇಕು. ಬದುವಿನ ಹುಲ್ಲನ್ನು ಸುಡದೆ, ಕಳೆನಾಶಕ ಹೊಡೆಯದೆ ಬಿಡಬೇಕು. ಕತ್ತಾಳೆ, ಕಳ್ಳಿಯ ಹಳೆಯ ಬೇಲಿಸಾಲನ್ನು ಜೆಸಿಬಿ ತರಿಸಿ ಕೀಳಬಾರದು. ಆ ಬೇಲಿಯಲ್ಲೇ ಗೌಜುಗ, ಮುಂಗುಸಿ, ಓತಿಕ್ಯಾತ, ಹಾವು ಎಲ್ಲವೂ ಇರುವುದು. ಎಲ್ಲಕ್ಕಿಂತ ಮುಖ್ಯವಾಗಿ ಇಲಿ ಪಾಷಾಣದ ವಿಚಾರದಲ್ಲಿ ಎಚ್ಚರ ಬೇಕು. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ತೂರಾಡಿಕೊಂಡು ಓಡಾಡುತ್ತದೆ. ಅಂಥ ಇಲಿ ಗೂಬೆಗೆ ಸುಲಭದ ತುತ್ತು. ವಿಷ ಗೂಬೆಯ ಪಿತ್ತಜನಕಾಂಗ ಸೇರುತ್ತದೆ. ಇಸ್ರೇಲಿನ ಬೇತ್ ಶೆಆನ್ ಕಣಿವೆಯ ರೈತರು 1983ರಲ್ಲಿ ಗೂಬೆಗೆ ಗೂಡುಪೆಟ್ಟಿಗೆ ಇಡತೊಡಗಿದ್ದು ವಿಷದ ಬಳಕೆ ತಗ್ಗಿಸುವುದಕ್ಕೇ. ವಿಷವನ್ನೂ ಇಟ್ಟು ಪೆಟ್ಟಿಗೆಯನ್ನೂ ತೂಗುಹಾಕುವುದು ಗೂಬೆಯನ್ನು ಕರೆದು ಕೊಂದಂತೆ.

ಹೊಲ ಬಿಟ್ಟುಕೊಟ್ಟು ರೈತ ಏನು ತಿನ್ನಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿ. ಚೌಕನೆಯ ಒಂದು ಎಕರೆಯ ನಾಲ್ಕೂ ಬದಿಗೆ ಮೂರಡಿ ಅಗಲದ ಹುಲ್ಲಿನ ಬದು ಬಿಟ್ಟರೆ ಹೋಗುವುದು ಸುಮಾರು ಎರಡೂಕಾಲು ಗುಂಟೆ. ಗೂಬೆ ಬಂದ ಮಾತ್ರಕ್ಕೆ ಇಲಿಕಾಟ ಪೂರ್ತಿ ನಿಲ್ಲುತ್ತದೆ ಎಂದು ನಂಬಿಸುವುದೂ ಬೇಡ. ಗೂಬೆ ಇಲಿಯನ್ನು ತಗ್ಗಿಸುತ್ತದೆ, ನಿರ್ನಾಮ ಮಾಡುವುದಿಲ್ಲ. ಆದ್ದರಿಂದಲೇ ಆ ಎರಡೂಕಾಲು ಗುಂಟೆಯ ನಷ್ಟವನ್ನು ರೈತನೊಬ್ಬನೇ ಹೊರಬಾರದು, ಸರ್ಕಾರ ತುಂಬಿಕೊಡಬೇಕು. ಸಸಿ ಎಣಿಸಿ ದುಡ್ಡು ಕೊಡುವ ಇಲಾಖೆಗೆ ಪೊಟರೆಯ ಮರ ಎಣಿಸುವುದು, ಬದು ಅಳೆಯುವುದು ಕಷ್ಟದ ಕೆಲಸವೇನಲ್ಲ. ಮುಂದಿನ ಮಳೆಗಾಲಕ್ಕೆ ಸಸಿ ಹಂಚಲು ನಿಮ್ಮೂರಿಗೆ ಬಂದವರನ್ನು ಕೇಳಿ: ಇರುವ ಹುಣಸೆಮರಕ್ಕೆ ಎಷ್ಟು ಕೊಡುತ್ತೀರಿ?