ಕೋಟೆಯ ಗೋಡೆ ಮೇಲೆ ಯಾರ ಹೆಸರು?

ಕೋಟೆ ನೋಡುವುದೂ ಒಂದು ಓದೇ. ಕಥೆಗೆ, ಕವಿತೆಗೆ ಪುಟಗಟ್ಟಲೆ ವಿಮರ್ಶೆ ಬರೆಯುವ ನಮ್ಮ ಪಂಡಿತರು ಈ ಕಲ್ಲಿನ ಪುಸ್ತಕದ ಕಡೆ ತಿರುಗಿ ನೋಡುವುದು ಕಡಿಮೆ. ಅಕ್ಷರ ಬಾರದವರೂ ಹೆಂಡರು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಓದಿ ಬರುವ ಪುಸ್ತಕ ಇದು. ಕೋಟೆ, ಅರಮನೆ, ವಾಡೆ, ತೋಟ ಇವೆಲ್ಲಾ ಸೂಟಿ ದಿನದ ಮೋಜಿನ ಜಾಗ, ಅದರಾಗ ವಿಚಾರ ಮಾಡೋದು ಏನೈತಿ ಎಂಬುದು ಅವರ ಲೆಕ್ಕ. ನಮ್ಮ ಲೆಕ್ಕ ಬೇರೆ. ಒಂದು ವರ್ಷದ ಪಾಠಕ್ಕಿಂತ ಒಂದು ದಿನದ ಟ್ರಿಪ್ಪು ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂಡುತ್ತದೆ. ಏನು ಕೂಡುತ್ತದೆ ಎಂಬುದೇ ಪ್ರಶ್ನೆ.

ನಮ್ಮ ಸೀಮೆಯನ್ನೇ ನೋಡಿರಿ. ಸರಕಾರಿ ಕಾಗದದಾಗ ಮುನವಳ್ಳಿ, ಜನರ ಬಾಯಾಗ ಮನೋಳಿ. ಇಲ್ಲಿಂದ ಒಂದು ಟೆಂಪೋ ಮಾಡಿಕೊಂಡರೆ ಸವದತ್ತಿ ಕೋಟೆ, ನವಿಲುತೀರ್ಥದ ಆಣೆಕಟ್ಟು, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ, ಕಿತ್ತೂರು ಎಲ್ಲಾ ಒಂದೆರಡು ದಿನದ ತಿರುಗಾಟ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಕಟ್ಟಿಕೊಂಡು ಮನೆಮಂದಿ ಹೋಗುತ್ತಾರೆ. ಸಾಲಿ ಹುಡುಗರನ್ನು ಮಾಸ್ತರು ಕರೆದೊಯ್ಯುತ್ತಾರೆ. ಕಿತ್ತೂರಿನ ಹಾಳು ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಗೆ ಪಾಳಿ ಹಚ್ಚಿ ಕಣ್ಣಿಡುತ್ತಾರೆ. ಮರುದಿನ ಸಾಲಿಯೊಳಗ ಕೇಳಿರಿ: ಆಳಿದವರು ಯಾರು? ಹುಡುಗ ಹೇಳುತ್ತಾನೆ. ಮುತ್ತಿಗೆ ಹಾಕಿದವರು ಯಾರು? ಅದನ್ನೂ ಹೇಳುತ್ತಾನೆ. ಅರಮನಿ ಅಂಗಳದ ಕಸ ಹೊಡದವರು ಯಾರಪಾ? ಒಳಗ ಕಾಲಿಡಲಿಕ್ಕ ಯಾರಿಗೆ ಪರವಾನಿಗಿ ಇದ್ದಿಲ್ಲ? ಹುಡುಗ ಮಾಸ್ತರ ಮುಖ ನೋಡುತ್ತಾನೆ. ಮಾಸ್ತರು ಪುಸ್ತಕದ ಮುಖ ನೋಡುತ್ತಾರೆ. ಪುಸ್ತಕ ಸುಮ್ಮನಿರುತ್ತದೆ.

ಊರ ಹೊಳೆಯಿಂದಲೇ ಸುರು ಮಾಡೋಣ. ಮಲಪ್ರಭೆಯ ದಂಡೆಗೆ ಮನೋಳಿಯ ಕೋಟೆ ಇದೆ. 1800ರ ಜುಲೈ 30ರಂದು ಮನೋಳಿಯ ಎದುರು ಹೊಳೆದಂಡೆಯಲ್ಲಿ ಧೋಂಡಿಯಾ ವಾಘನ ದಂಡು ಬೀಡುಬಿಟ್ಟಿತ್ತು. ಕುಂಪಣಿಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕುದುರೆ ದಂಡು ತಂದು ಅದರ ಮೇಲೆ ಬಿದ್ದ. ಮಳೆಗಾಲದ ಹೊಳೆ. ಸಿಕ್ಕವರನ್ನು ಕಡಿದರು, ಉಳಿದವರನ್ನು ನೀರಿಗೆ ಅಟ್ಟಿದರು. ಬಹಳ ಮಂದಿ ಮುಳುಗಿ ಸತ್ತರು. ಧೋಂಡಿಯಾ ಅಂದು ತಪ್ಪಿಸಿಕೊಂಡು ಸೆಪ್ಟೆಂಬರ್ 10ರಂದು ಇನ್ನೊಂದು ಕಾಳಗದಲ್ಲಿ ಸತ್ತ. ವೆಲ್ಲೆಸ್ಲಿಯ ಹೆಸರು ಉಳಿಯಿತು, ಧೋಂಡಿಯಾನ ಹೆಸರೂ ಉಳಿಯಿತು. ಹೊಳೆಗೆ ಬಿದ್ದವರದು? ದಂಡಿನ ಬೆನ್ನಿಗೆ ಎತ್ತು ಹೊಡೆಯುವವರು, ಹೇರು ಹೊರುವವರು, ಹುಲ್ಲು ತರುವವರು, ಅವರ ಹೆಂಡರು ಮಕ್ಕಳು ಸಾಗುವುದು ಆ ಕಾಲದ ದಂಡುಗಳ ರೀತಿ. ಅವರಲ್ಲಿ ಒಬ್ಬರ ಹೆಸರೂ ನಮ್ಮ ತನಕ ಬಂದಿಲ್ಲ.

ಈ ವೆಲ್ಲೆಸ್ಲಿಯೇ 1814ರಲ್ಲಿ ವೆಲ್ಲಿಂಗ್ಟನ್ನಿನ ಡ್ಯೂಕ್ ಎನಿಸಿದ. 1815ರಲ್ಲಿ ವಾಟರ್‌ಲೂದಲ್ಲಿ ನೆಪೋಲಿಯನ್ನನ್ನು ಸೋಲಿಸಿದ. ಅದರ ಋಣಕ್ಕೆ 1817ರಲ್ಲಿ ಇಂಗ್ಲೆಂಡಿನ ಜನರ ಹಣದಲ್ಲಿ ಅವನಿಗೆ ಸ್ಟ್ರಾಟ್‌ಫೀಲ್ಡ್ ಸೇ ಎಂಬ ದೊಡ್ಡ ಬಂಗಲೆ, ಜಮೀನು ಬಂತು. ಲಂಡನ್ನಿನಲ್ಲಿ ಅವನಿದ್ದ ಆಪ್ಸ್ಲಿ ಹೌಸ್ ಈಗ ಮ್ಯೂಜಿಯಂ. ಅಲ್ಲಿಯ ಮನೆಮಂದಿ ಸೂಟಿ ದಿನ ಟಿಕೀಟು ತಗೊಂಡು ಹೋಗಿ ಅದರ ವೈಭವ ನೋಡಿ ಬರುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಮನೋಳಿಯ ಹೊಳೆ ಗೊತ್ತು? ಅದು ಬಿಡ್ರಿ, ಮನೋಳಿಯೊಳಗ ಎಷ್ಟು ಮಂದಿಗೆ ಗೊತ್ತು?

ಆದರೂ ಆ ದೇಶದಲ್ಲಿ ಒಂದು ಮಾತು ಎದ್ದಿತು. ಹಳೆಯ ಬಂಗಲೆ, ಕೋಟೆ, ತೋಟಗಳನ್ನು ಕಾಯ್ದು ಜನರಿಗೆ ತೋರಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1895ರಿಂದ ಇದೆ. ಅದು 2020ರಲ್ಲಿ ಒಂದು ವರದಿ ಹೊರಡಿಸಿ, ತನ್ನ ಕೈಯೊಳಗಿನ 93 ಜಾಗಗಳಿಗೆ ಗುಲಾಮಗಿರಿಯ ಜೊತೆಗೋ ವಸಾಹತುಶಾಹಿಯ ಜೊತೆಗೋ ನಂಟಿದೆ ಎಂದು ಒಪ್ಪಿಕೊಂಡಿತು. ಟಿಪ್ಪುವಿನ ಡೇರೆ ಇಟ್ಟುಕೊಂಡು ಕೂತ ಪೋವಿಸ್ ಕೋಟೆ ಅದರಲ್ಲಿ ಒಂದು. ಒಪ್ಪಿಕೊಂಡದ್ದೇ ತಡ, ಅಲ್ಲಿಯ ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನವರಲ್ಲಿ ಒಂದು ಗುಂಪು ಸಿಟ್ಟಿಗೆದ್ದಿತು. ಚಂದದ ಮನೆ ನೋಡಲು ಬಂದವರ ಮುಂದೆ ಆ ಸುದ್ದಿ ಯಾಕೆ ಎಂಬುದು ಆ ಸಿಟ್ಟಿನ ತಿರುಳು. ಈ ತಕರಾರು ನಮಗೆ ಹೊಸದೇನಲ್ಲ. "ಎಲ್ಲಾದರಾಗೂ ಜಾತಿ ತರ್ತೀರಿ, ಮಕ್ಕಳು ಆಡಲಿಕ್ಕ ಬಂದಾವ, ಆಡಲಿ ಬಿಡ್ರಿ" ಎಂಬ ಮಾತನ್ನು ನಾವು ಇಲ್ಲಿಯ ಕಟ್ಟೆಗಳ ಮೇಲೆ ದಿನಾ ಕೇಳುತ್ತೇವೆ.

ಈಗ ಕಿತ್ತೂರಿಗೆ ಬರೋಣ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಕುಂಪಣಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಆ ತಾಯಿಯ ಧೈರ್ಯಕ್ಕೆ ನಮ್ಮ ತಲೆ ಬಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಟೆ ಬಿದ್ದಾಗ ಸುಮಾರು 16 ಲಕ್ಷ ರೂಪಾಯಿ ನಗದು, 4 ಲಕ್ಷದ ಒಡವೆ ಕುಂಪಣಿಯ ಪಾಲಾಯಿತು ಎಂದು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಓದಿ, ಅಯ್ಯೋ ಬಿಳಿಯರು ಸುಲಿದರಲ್ಲಾ ಎಂದು ಮರುಗುತ್ತೇವೆ. ಮರುಗಬೇಕಾದ್ದೇ. ಆದರೆ ಆ 16 ಲಕ್ಷ ಕೋಟೆಯೊಳಗೆ ಬಂದದ್ದು ಹೇಗೆ? ಜ್ವಾಳದ ರಾಶಿಯಿಂದ ಬಂತು. ರೈತನ ಕಂದಾಯದಿಂದ ಬಂತು. ಕಣದಾಗ ಬಿದ್ದ ಕಾಳು ಆರಿಸಿಕೊಂಡು ತಿಂದು ದುಡಿದವರ ಬೆವರಿನಿಂದ ಬಂತು. ಸುಲಿಗೆಯ ಲೆಕ್ಕವನ್ನು ಕೋಟೆ ಬಿದ್ದ ದಿನದಿಂದ ಸುರು ಮಾಡುವವರು ಅರ್ಧ ಲೆಕ್ಕ ಮಾತ್ರ ಬರೆಯುತ್ತಾರೆ.

ಇನ್ನರ್ಧ ಲೆಕ್ಕ ಸಂಗೊಳ್ಳಿ ರಾಯಣ್ಣನಿಗೆ ಗೊತ್ತಿತ್ತು. ರಾಯಣ್ಣ ಅರಸು ಮನೆತನದವನಲ್ಲ. ಕುರುಬರ ಹುಡುಗ, ಊರು ಕಾಯುವ ಶೇತಸನದಿ. ಚಾಕರಿಗೆ ಬಂದ ಹೊಲದ ಮೇಲೆ ಕುಂಪಣಿ ಕೈ ಹಾಕಿದಾಗ ಎದ್ದು ನಿಂತವನು. ಅವನೂ ಅವನ ಗೆಳೆಯರೂ ಕಾಡು ಹಿಡಿದು ಬಡಿದಾಡಿದರು. ಅವರು ಬೆಂಕಿ ಇಟ್ಟದ್ದು ಯಾವುದಕ್ಕೆ ಎಂಬುದನ್ನು ನಮ್ಮ ಮಾಸ್ತರುಗಳು ಗಮನಿಸಬೇಕು. ಸರಕಾರಿ ಕಚೇರಿಗೆ, ದಫ್ತರಕ್ಕೆ, ಸಾಲ ಮತ್ತು ಕಂದಾಯದ ಕಾಗದಕ್ಕೆ. ಬಡವನ ಕೊರಳಿಗೆ ಬಿಗಿದ ಹಗ್ಗ ಎಲ್ಲಿದೆ ಎಂದು ಅವರಿಗೆ ತಿಳಿದಿತ್ತು. ಹಿಡಿದುಕೊಟ್ಟವರು ಪರದೇಶದವರಲ್ಲ, ಊರ ಗೌಡರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಈಗ ಸಂಗೊಳ್ಳಿಯಲ್ಲಿ ಅವನ ಶಿಲ್ಪವನ ಇದೆ, ಊರೂರಿಗೆ ಕುದುರೆ ಮೇಲಿನ ಮೂರ್ತಿ ಇದೆ. ಮಕ್ಕಳು ಆ ಕತ್ತಿ ನೋಡಿ ಬರುತ್ತಾರೆ. ಸುಟ್ಟ ಕಾಗದದ ಸುದ್ದಿ ಕೇಳಿ ಬರುವುದಿಲ್ಲ. ಕತ್ತಿ ಎಲ್ಲರಿಗೂ ಒಪ್ಪಿಗೆ. ಸುಟ್ಟ ಕಾಗದ ಇಂದಿನ ಸಾವುಕಾರನಿಗೂ ಒಪ್ಪಿಗೆಯಾಗುವುದಿಲ್ಲ.

ನೋಡುವುದಕ್ಕಿಂತ ಮೊದಲು ಒಳಗೆ ಹೋಗುವ ಪ್ರಶ್ನೆ ಇದೆ. 1934ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಸುಮಾರು 30 ಮಂದಿ ಸಂಗಡಿಗರ ಜೊತೆ ತಿರುಗಾಟಕ್ಕೆ ಹೊರಟರು. ವೇರೂಳದ ಗುಹೆ ನೋಡುವುದು, ದಾರಿಯಲ್ಲಿ ದೌಲತಾಬಾದಿನ ಕೋಟೆ ನೋಡುವುದು, ನಾವೆಲ್ಲಾ ಮಾಡುವಂಥದೇ ತಿರುಗಾಟ. ಕೋಟೆ ಬಾಗಿಲ ಹತ್ತಿರದ ಹೊಂಡದಲ್ಲಿ ಧೂಳು ಮೆತ್ತಿದ ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಒಬ್ಬ ಮುದುಕ, ಅಸ್ಪೃಶ್ಯರು ಹೊಂಡ ಮೈಲಿಗೆ ಮಾಡಿದರೆಂದು ಕೂಗುತ್ತಾ ಬಂದ. ಜನ ಕೂಡಿ ಬೈದರು. ಕೂಗಿದವನು ಮುಸಲ್ಮಾನ. ಹಿಂದೂಗಳ ಈ ರೋಗ ಉಳಿದವರಿಗೂ ಹತ್ತಿದೆ ಎಂಬ ಕಹಿಯನ್ನೂ ಅಂಬೇಡ್ಕರರು ಮುಚ್ಚಿಡದೆ ಬರೆದರು. ಕಡೆಗೆ, ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟಬಾರದೆಂಬ ಕರಾರಿನ ಮೇಲೆ ಒಳಗೆ ಬಿಟ್ಟರು. ಮುಟ್ಟದಂತೆ ಕಾಯಲು ಒಬ್ಬ ಬಂದೂಕಿನ ಸಿಪಾಯಿಯನ್ನು ಬೆನ್ನಿಗೆ ಹಚ್ಚಿದರು. ಕೊಲಂಬಿಯಾದಲ್ಲಿ ಓದಿ ಬಂದ ಬ್ಯಾರಿಸ್ಟರ ಕೋಟೆ ನೋಡಿದ್ದು ಹೀಗೆ.

ಇಂದು ಕೇರಿಯ ಕೂಸು ಅಂಥ ಬಾಗಿಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಓಡಿ ಒಳಗೆ ಹೋಗುತ್ತದೆ. ಆ ಬಾಗಿಲನ್ನು ಯಾವ ಅರಸನೂ ತೆರೆಯಲಿಲ್ಲ. ಹೋರಾಟ ತೆರೆಯಿತು, 1950ರ ಸಂವಿಧಾನ ತೆರೆಯಿತು. ಆದುದರಿಂದ ಕೋಟೆಗೆ ಹೋಗಬೇಡಿರಿ ಎಂದು ನಾವು ಹೇಳುವುದಿಲ್ಲ. ಹೋಗಬೇಕು, ಎಲ್ಲರೂ ಹೋಗಬೇಕು. ಟ್ರಿಪ್ಪಿನ ರೊಕ್ಕ ಕೊಡಲಾಗದೆ ಕೂಲಿಕಾರರ ಮಕ್ಕಳು ಮನೆಯಲ್ಲಿ ಉಳಿಯುವುದಾದರೆ, ಆ ಟ್ರಿಪ್ಪು ಹೊಸ ತರದ ಕೋಟೆ ಗೋಡೆ ಎಂದೇ ತಿಳಿಯಬೇಕು.

ಇನ್ನೊಂದು ಕಂಬದ ಮಾತು. ಪುಣೆಯ ಹತ್ತಿರ ಭೀಮಾ ಕೋರೆಗಾಂವದಲ್ಲಿ, 1818ರ ಜನವರಿ 1ರ ಕಾಳಗದ ನೆನಪಿಗೆ ಕುಂಪಣಿ ನೆಟ್ಟ ಕಲ್ಲುಕಂಬ ಇದೆ. 1927ರ ಜನವರಿ 1ರಂದು ಅಂಬೇಡ್ಕರರು ಅಲ್ಲಿಗೆ ಹೋದರು. ವರ್ಷದ ಮೊದಲ ದಿನ ಲಕ್ಷಗಟ್ಟಲೆ ದಲಿತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಇಂದಿಗೂ ಹೋಗುತ್ತಾರೆ. ಕಿತ್ತೂರನ್ನು ಸುಲಿದ ಕುಂಪಣಿಯ ಕಂಬಕ್ಕೆ ಕೈಮುಗಿಯುವುದೇ ಎಂದು ಕೆಲವರು ಹೀಯಾಳಿಸುತ್ತಾರೆ. ಕುಂಪಣಿ ನಮ್ಮ ಬಳಗವಲ್ಲ, ಅದು ನಮಗೂ ಗೊತ್ತು. ಆದರೆ ಆ ಕಂಬದ ಮೇಲೆ ಸತ್ತವರ 49 ಹೆಸರುಗಳಿವೆ, ಅದರಲ್ಲಿ 22 ಮಹಾರರವು. ಪರದೇಶದ ವ್ಯಾಪಾರಿ ತನ್ನ ಸ್ವಾರ್ಥಕ್ಕಾದರೂ ಕೆತ್ತಿಸಿದ ಹೆಸರನ್ನು ನಮ್ಮ ದೇಸಾಯಿ, ನಮ್ಮ ಪೇಶ್ವೆ ಕೆತ್ತಿಸಿದ್ದರೆ, ಜನ ಆ ಕಂಬ ಹುಡುಕಿಕೊಂಡು ಯಾಕೆ ಹೋಗುತ್ತಿದ್ದರು? ಹೀಯಾಳಿಸುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ಮಾಸ್ತರೆ, ಗೆಳೆಯರೆ, ಕೆಲಸ ದೊಡ್ಡದಲ್ಲ. ಕೋಟೆಗೆ ಹೋಗುವ ಮುಂಚೆ ಮಕ್ಕಳನ್ನು ಕೇರಿಗೆ ಕಳಿಸಿರಿ, ಓಣಿಗೆ ಕಳಿಸಿರಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದೇ 1961ರಲ್ಲಿ. ವಾಡೆಯ ಬಿಟ್ಟಿ ಚಾಕರಿ ಕಣ್ಣಿಂದ ಕಂಡ ಮುದುಕರು, ಮುದುಕಿಯರು ಇನ್ನೂ ಇದ್ದಾರೆ. "ಆಯಿ, ನಿಮ್ಮಪ್ಪ ವಾಡೇದಾಗ ಏನ್ ಕೆಲಸ ಮಾಡತಿದ್ದ? ಎಲ್ಲಿತನಕ ಒಳಗ ಬಿಡತಿದ್ರು? ಕೂಲಿ ಏನ್ ಕೊಡತಿದ್ರು?" ಎಂದು ಕೇಳಲಿ. ಕೇಳಿದ ಹೆಸರನ್ನು, ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಆ ನೋಟ್‌ಬುಕ್ಕು ಕೈಯಲ್ಲಿ ಹಿಡಿದು ಕೋಟೆಯೊಳಗೆ ಕಾಲಿಡಲಿ. ಆಗ ಅಂಗಳ ಖಾಲಿ ಕಾಣುವುದಿಲ್ಲ. ದೇಸಾಯಿ ಕೂತ ಜಾಗವನ್ನು ಗೈಡು ತೋರಿಸಲಿ. ಆಯಿಯ ಅಪ್ಪ ನಿಂತ ಜಾಗವನ್ನು ಮಕ್ಕಳೇ ಹುಡುಕಿ ತೋರಿಸಲಿ.

ಈ ಆಯಿಯರು ಹೋದ ಮೇಲೆ ಕೇಳಲಿಕ್ಕೆ ಯಾರೂ ಉಳಿಯುವುದಿಲ್ಲ. ಕಲ್ಲು ಇನ್ನೂ ನೂರು ವರ್ಷ ನಿಂತೀತು. ಅವಸರ ಇರುವುದು ಹೆಸರಿಗೆ.