ಮಗುವಿಗೂ ಒಂದಿಷ್ಟು ಕೆಲಸ ಬಿಡುವ ಪುಸ್ತಕ

ಮಕ್ಕಳ ಪುಸ್ತಕ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದರಲ್ಲಿ ನೀತಿ ಏನಿದೆ?" ಬೇಡಿಕೆ ಹಾಗಿರುವುದರಿಂದ ಪ್ರಕಾಶಕರೂ ಕಥೆಯ ಕೊನೆಗೆ ದಪ್ಪಕ್ಷರದಲ್ಲಿ ನೀತಿಯೊಂದನ್ನು ಅಚ್ಚು ಹಾಕಿ ಕೊಡುತ್ತಾರೆ. ಮಗು ಕಥೆ ಓದಿ ತಾನೇನಾದರೂ ಯೋಚಿಸುವ ಮೊದಲೇ ಯೋಚನೆ ಮುಗಿದಿರುತ್ತದೆ. ಪುಸ್ತಕ ಏನು ಕಲಿಸುತ್ತದೆ ಎಂಬುದಕ್ಕಿಂತ, ಅದು ಮಗುವಿಗೆ ಏನು ಕೆಲಸ ಬಿಡುತ್ತದೆ ಎಂದು ನೋಡುವುದು ಒಳ್ಳೆಯ ಅಳತೆ. ಈ ಅಳತೆಗೋಲು ದೂರದ್ದೇನಲ್ಲ, ಬಂಟ್ವಾಳದಲ್ಲೇ ಹುಟ್ಟಿದ್ದು.

1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದವರು. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಈ ಸೀಮೆಯ ಬಹಳಷ್ಟು ಮಕ್ಕಳಿಗೆ ಇಂದಿಗೂ ಕನ್ನಡ ಬರುವುದು ಮನೆಯ ಹೊಸ್ತಿಲು ದಾಟಿದ ಮೇಲೆ. ಅಂಥ ಮಗುವಿಗೆ ಪುಸ್ತಕದ ಭಾಷೆ ಕಣ್ಣಿಗಿಂತ ಮೊದಲು ಕಿವಿಗೆ ಹತ್ತಬೇಕು. ಪಂಜೆಯವರ ಬರಹದ ದೊಡ್ಡ ಗುಣ ಇದೇ. 'ಗುಡುಗುಡು ಗುಮ್ಮಟ ದೇವರು', 'ಇಲಿಗಳ ಥಕ ಥೈ' ಎಂಬ ಹೆಸರುಗಳನ್ನು ಹೇಳಿದರೇ ಸಾಕು, ಮಗುವಿನ ಕಾಲು ತಾಳ ಹಾಕತೊಡಗುತ್ತದೆ. ಎರಡನೆಯದಕ್ಕೆ ಮೂಲ ಇಂಗ್ಲಿಷ್ ಕವಿ ಬ್ರೌನಿಂಗ್ ಬರೆದ ಕಿಂದರಿಜೋಗಿಯ ಪದ್ಯ. ಆದರೆ ಪಂಜೆಯವರ ಕೈಯಲ್ಲಿ ಇಲಿಗಳು ಕುಣಿಯುವುದು ನಮ್ಮ ಯಕ್ಷಗಾನ ರಂಗಸ್ಥಳದ ಹೆಜ್ಜೆಗೆ. ಬೇರೆ ಭಾಷೆಯಿಂದ ತಂದ ಕಥೆ ಹೀಗೆ ಊರಿನ ಲಯಕ್ಕೆ ಒಗ್ಗಿದಾಗ ಮಾತ್ರ ಮಗುವಿನದಾಗುತ್ತದೆ.

'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕಥೆಯನ್ನೇ ನೋಡಿ. ಕೇಳಿದ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ ಹೋಗುವ ಸರಪಳಿ ಕಥೆ ಅದು. ತೆಲುಗಿನವರು ಹೇಳುವ ಏಳು ಮೀನುಗಳ ಕಥೆಗೂ ಇದಕ್ಕೂ ನಂಟಿದೆ. ಸಿಗಡಿ ಒಣಗಿಸುವುದು ಕರಾವಳಿಯ ಮಗು ದಿನವೂ ಕಾಣುವ ಕೆಲಸ. ಅಲ್ಲಿಂದ ಹೊರಟ 'ಯಾಕೆ' ಒಂದೊಂದೇ ಕಾರಣವನ್ನು ಬೆನ್ನಟ್ಟುತ್ತದೆ. ಎರಡು ಕೊಂಡಿ ಮುಗಿಯುವಷ್ಟರಲ್ಲಿ ಮಗುವಿಗೆ ಕಥೆಯ ನಡೆ ತಿಳಿದುಬಿಡುತ್ತದೆ. ಮುಂದಿನ ಪ್ರಶ್ನೆಯನ್ನು ಹೇಳುವವರಿಗಿಂತ ಮೊದಲು ತಾನೇ ಕೇಳುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ಇರುವ ಸಂಬಂಧ, ನೆನಪಿನ ಅಭ್ಯಾಸ, ವಾಕ್ಯ ಕಟ್ಟುವ ಬಗೆ ಎಲ್ಲವೂ ಇದರಲ್ಲಿವೆ. ಯಾವುದನ್ನೂ ಪಾಠ ಎಂದು ಕರೆದಿಲ್ಲ.

ನಾಗರಹಾವಿನ ಪದ್ಯದಲ್ಲಿಯೂ ಅಷ್ಟೆ. ಹಾವನ್ನು ಕರೆಯುವ ಆಸೆ, ಅದು ಹೋಗಲಿ ಎನ್ನುವ ಅಂಜಿಕೆ ಎರಡೂ ಒಟ್ಟಿಗೇ ಇವೆ. ನಾಗಬನಗಳ ನಡುವೆ ಬೆಳೆಯುವ ಮಗುವಿಗೆ ಈ ಎರಡು ಭಾವಗಳೂ ನಿಜ. ಕವಿ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎನ್ನಲಿಲ್ಲ. ಮಗುವಿನ ಮನಸ್ಸನ್ನು ಅಷ್ಟು ಗೌರವಿಸುವ ಬರಹ ಇಂದೂ ಅಪರೂಪ.

ಹಾಗೆಂದು ಪಂಜೆಯವರ ಪುಸ್ತಕವೊಂದನ್ನು ಮಗುವಿನ ಕೈಗಿತ್ತು ಸುಮ್ಮನಾಗುವಂತಿಲ್ಲ. ನೂರು ವರ್ಷದ ಹಿಂದಿನ ಕೆಲವು ಪದಗಳು ಇಂದಿನ ಮಗುವಿಗೆ ಅಡ್ಡ ಬರುತ್ತವೆ. ಚಿತ್ರ ನೋಡಿ ಬೆಳೆದ ಕಣ್ಣಿಗೆ ಬರೀ ಅಕ್ಷರ ಸಾಲದು. ಜೊತೆಗೆ ಕೂತು ದನಿಯೆತ್ತಿ ಓದುವ ಅಜ್ಜಿಯೋ ಟೀಚರೋ ಇದ್ದರೆ ಮಾತ್ರ ಆ ಬರಹ ಪೂರ್ತಿ ತೆರೆದುಕೊಳ್ಳುತ್ತದೆ. ಮೂಡುಬಿದಿರೆ ಕಡೆಯ ಪಳಕಳ ಸೀತಾರಾಮ ಭಟ್ಟರು ಶಿಕ್ಷಕರಾಗಿದ್ದುಕೊಂಡು ಮಕ್ಕಳಿಗಾಗಿ ಬರೆಯುತ್ತಲೇ ಹೋದದ್ದು ಇದೇ ಪರಂಪರೆಯ ಮುಂದುವರಿಕೆ. ತರಗತಿಯ ಸದ್ದು ಗೊತ್ತಿದ್ದವರು ಬರೆದದ್ದನ್ನು ಮಕ್ಕಳು ಬೇಗ ಗುರುತಿಸುತ್ತಾರೆ.

ತಿಳಿವಳಿಕೆಯ ಪುಸ್ತಕಗಳಿಗೆ ಪಕ್ಕದ ಪುತ್ತೂರಿನಲ್ಲಿದ್ದು ದುಡಿದ ಶಿವರಾಮ ಕಾರಂತರ 'ಬಾಲಪ್ರಪಂಚ' ಮಾದರಿ. 1936ರಲ್ಲಿ ಬಂದ ಆ ಮೂರು ಸಂಪುಟಗಳ ವಿಜ್ಞಾನ ಈಗ ಹಳತು. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಮೂವತ್ತಮೂರು ವರ್ಷ ಮೊದಲಿನ ಪುಸ್ತಕದಿಂದ ಮಗು ಆಕಾಶವನ್ನು ಕಲಿಯಬಾರದು. ಆದರೆ ಒಬ್ಬ ಲೇಖಕ ಜಗತ್ತನ್ನೆಲ್ಲ ಕನ್ನಡದ ಮಗುವಿಗೆ ತಿಳಿಯಾಗಿ ಹೇಳಿಯೇ ತೀರುತ್ತೇನೆಂದು ಹೊರಟ ಆ ಹಟ ಹಳತಾಗಿಲ್ಲ. ಇಂದಿನ ಮಾಹಿತಿ ಪುಸ್ತಕಗಳಲ್ಲಿ ಬಣ್ಣ ಹೆಚ್ಚಿದೆ, ವಿವರಿಸುವ ತಾಳ್ಮೆ ಕಡಿಮೆಯಾಗಿದೆ. ಪುಟದ ತುಂಬ ಅಂಕಿಗಳನ್ನು ಚೆಲ್ಲಿದ ಪುಸ್ತಕ ಕ್ವಿಜ್‌ಗೆ ಒದಗೀತು, ಕುತೂಹಲಕ್ಕಲ್ಲ.

ಪುರಾಣದ ಪುಸ್ತಕ ಆಯುವಾಗ ಇಲ್ಲಿನವರು ಇನ್ನೂ ನಿಷ್ಠುರವಾಗಿರಬೇಕು. ಬೆಳ್ತಂಗಡಿಯ ಮಗು ಅಜ್ಜನ ಪಕ್ಕದಲ್ಲಿ ಕೂತು ಯಕ್ಷಗಾನದ ಆಟ ನೋಡಿರುತ್ತದೆ. ಮಹಿಷಾಸುರನ ಪ್ರವೇಶಕ್ಕೆ ಬೆಚ್ಚಿ, ಬಣ್ಣದ ವೇಷದ ಅಬ್ಬರಕ್ಕೆ ಕಣ್ಣರಳಿಸಿದ ಮಗುವಿಗೆ ಎಂಟು ಪುಟದ ಸಪ್ಪೆ ಮಹಾಭಾರತ ಕೊಟ್ಟರೆ ಅದರ ಕಲ್ಪನೆಯನ್ನು ಕುಗ್ಗಿಸಿದ ಹಾಗೆ. ಚೆಂಡೆ ಕೇಳಿದ ಕಿವಿಗೆ ಸಂವಾದವಿರುವ, ಸಂದೇಹ ಉಳಿಸುವ ಪುಸ್ತಕ ಬೇಕು. ತುಸು ದೊಡ್ಡವರಿಗೆ ತುಳು ಪಾಡ್ದನದ ವೀರರನ್ನು ಕನ್ನಡಕ್ಕೆ ತಂದ ಪಂಜೆಯವರ 'ಕೋಟಿ ಚೆನ್ನಯ' ಇದೆ. ಆ ವೀರರ ಗುಡಿಯಾದ ಗರೋಡಿಯನ್ನು ಕಂಡ ಮಗು ಅದನ್ನು ತನ್ನೂರಿನ ಕಥೆಯಾಗಿಯೇ ಓದುತ್ತದೆ.

ಹೊಸ ಪುಸ್ತಕಗಳೂ ಕೈಗೆಟಕುವಂತಿವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿನ ಎಷ್ಟೋ ಚಿತ್ರಗಳು ಮಾತು ಹೇಳದ್ದನ್ನೂ ಹೇಳುತ್ತವೆ. ಕೆಲವು ಅನುವಾದಗಳ ಕನ್ನಡ ಮಾತ್ರ ಬಿಗಿಯಾಗಿ ಕೂತಿದೆ. ಒಂದು ಪುಟವನ್ನು ಗಟ್ಟಿಯಾಗಿ ಓದಿದರೆ ಅದು ಕೂಡಲೇ ಗೊತ್ತಾಗುತ್ತದೆ: ನಾಲಗೆ ತಡವರಿಸಿದಲ್ಲಿ ಮಗುವಿನ ಗಮನವೂ ಜಾರುತ್ತದೆ.

ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದ್ದರಿಂದ 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಮುಖ್ಯ. ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಯೋಜನೆ ಅದು. ಬಾಗಿಲು ತೆರೆದದ್ದು ಅರ್ಧ ಕೆಲಸ. ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ತುಂಬಿದ್ದರೆ ಎಂಟು ವರ್ಷದ ಮಗು ಎರಡನೆಯ ಸಲ ಬರುವುದಿಲ್ಲ. ಪುಸ್ತಕ ಆಯುವ ಸಮಿತಿಯಲ್ಲಿ ಒಂದಿಬ್ಬರು ಮಕ್ಕಳೂ ಕೂರಲಿ, ಆಯ್ಕೆಗೆ ಮೊದಲು ಪುಸ್ತಕಗಳನ್ನು ಅವರೆದುರು ಓದಿ ನೋಡಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನಕ್ಕೆ ಕೊಡುವ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಕಪ್ಪುಗಳ ಬದಲು ಪುಸ್ತಕ ಕೊಡುವುದಾದರೂ, ಒಂದೇ ಪುಸ್ತಕದ ಐವತ್ತು ಪ್ರತಿ ತರಿಸದೆ ಐವತ್ತು ಬೇರೆ ಪುಸ್ತಕ ತರಿಸಲಿ. ಆಗ ಮಕ್ಕಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುತ್ತಾರೆ, ಯಾವುದು ಚೆನ್ನ ಎಂದು ಜಗಳವಾಡುತ್ತಾರೆ. ವಿಮರ್ಶೆ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.